ಮನೆ ಬಾಡಿಗೆಗಿದೆ, ಯಾರಿಗೆ?

ಪುತ್ತೂರಿನ ದರ್ಬೆ, ಬೊಳುವಾರು ಪರಿಸರದಲ್ಲಿ ಹಂಚಿನ ಮಾಡಿನ ಹಳೆಯ ಮನೆಗಳು ಮರೆಯಾಗುತ್ತಿದ್ದು, ಅವುಗಳ ಹಿತ್ತಿಲಲ್ಲಿ ಬಹುಮಹಡಿ ಕಟ್ಟಡಗಳು ತಲೆಯೆತ್ತುತ್ತಿವೆ. ಪುರಸಭೆಯಾಗಿದ್ದ ಪಟ್ಟಣವು ನಗರಸಭೆಯಾಗಿದೆ. ಪ್ರಗತಿಗೆ ಸಂತೋಷಪಡೋಣ. ಆದರೆ ಅಂತಹ ಹಳೆಯ ಮನೆಯ ಒಂದು ಪಾರ್ಶ್ವವನ್ನು ಅಲ್ಪ ಬಾಡಿಗೆಗೆ ಪಡೆದು ಮಕ್ಕಳನ್ನು ಓದಿಸಿದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕ. 1958ರಲ್ಲಿ ಸಂತ ಫಿಲೋಮಿನಾ ಕಾಲೇಜು ಆರಂಭವಾದಂದಿನಿಂದ ಗ್ರಾಮಾಂತರದ ವಿದ್ಯಾರ್ಥಿಗಳು ದರ್ಬೆಯತ್ತ ಬರುತ್ತಲೇ ಇದ್ದಾರೆ. ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಿರುವ ಸುಳ್ಯದಲ್ಲಿಯೂ, ತಾಲೂಕು ಕೇಂದ್ರವಾದ ಕಡಬದಲ್ಲಿಯೂ ಬಾಡಿಗೆ ಮನೆಯ ಹುಡುಕಾಟ ಇಂದು ಸಾಮಾನ್ಯವಾಗಿದೆ.

ಫ್ಲ್ಯಾಟಿನ ಬಾಡಿಗೆ ಕೈಗೆಟಕುವಂತೆ ಕಂಡರೂ ಅದೇ ಪೂರ್ಣ ಲೆಕ್ಕವಲ್ಲ. ಕಟ್ಟಡದ ನಿರ್ವಹಣಾ ಶುಲ್ಕವನ್ನು ಯಾರು ಭರಿಸಬೇಕು? ಪುತ್ತೂರಿಗೆ ನೆಕ್ಕಿಲಾಡಿಯಿಂದ ಬರುವ ನಗರಸಭೆಯ ನೀರು ಆ ಕಟ್ಟಡಕ್ಕಿದೆಯೇ, ಅಥವಾ ಕೊಳವೆಬಾವಿಯೊಂದೇ ಆಧಾರವೇ? ಬೇಸಗೆಯಲ್ಲಿ ಟ್ಯಾಂಕರ್ ತರಿಸಿದರೆ ಹಣ ಯಾರದು? ಮುಂಗಡ ಕೊಡುವ ಮೊದಲೇ ಕೇಳಬೇಕಾದ ಪ್ರಶ್ನೆಗಳಿವು. 2023ರಲ್ಲಿ ಜಾರಿಗೊಂಡ ಗೃಹಜ್ಯೋತಿ ಯೋಜನೆಯ ಲಾಭ ಬಾಡಿಗೆದಾರರಿಗೂ ಇದೆ ಎಂಬುದನ್ನು ಮರೆಯಬಾರದು.

ಕರಾರನ್ನು ಹನ್ನೊಂದು ತಿಂಗಳಿಗೆ ಬರೆಯುವ ವಾಡಿಕೆಗೆ ಕಾರಣ 1908ರ ನೋಂದಣಿ ಕಾಯ್ದೆ. ಒಂದು ವರ್ಷ ಮೀರಿದ ಗೇಣಿ ಪತ್ರಕ್ಕೆ ನೋಂದಣಿ ಕಡ್ಡಾಯ. ರಾಜ್ಯದ 1999ರ ಬಾಡಿಗೆ ಕಾಯ್ದೆಯಾದರೋ ದೊಡ್ಡ ನಗರಗಳಲ್ಲಿಯೂ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ತಿಂಗಳ ಬಾಡಿಗೆದಾರನನ್ನು ಬಿಡಿಸಲು ಹದಿನೈದು ದಿನಗಳ ನೋಟೀಸು ಸಾಕು. ಮಕ್ಕಳ ಪರೀಕ್ಷೆಯ ಸಮಯದಲ್ಲಿ ಆ ನೋಟೀಸು ಬಂದರೆ ಮನೆಯವರ ಗತಿಯೇನು? ಆದುದರಿಂದ ಎರಡು ತಿಂಗಳ ಅವಧಿಯನ್ನಾದರೂ ಬರೆಯಿಸಿಕೊಳ್ಳುವುದು, ಮುಂಗಡಕ್ಕೆ ರಶೀದಿ ಪಡೆಯುವುದು ಲೇಸು. ಪರಿಚಯಸ್ಥರ ಮನೆಯೆಂಬ ಸಂಕೋಚ ಇಲ್ಲಿ ಬೇಡ.

ಇನ್ನು ಮಾಲಿಕರ ಮಾತು. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕದ ಮುಂದಿನಿಂದ ಹಿಂತಿರುಗಿದ ನೋವು ನಮ್ಮವರಿಗೆ ಹೊಸತಲ್ಲ. ಮೀನು ತಿನ್ನುವವರೆಂದು ಬಾಗಿಲು ಮುಚ್ಚಿದಾಗ ನೊಂದುಕೊಳ್ಳುವ ನಾವೇ, ನಮ್ಮ ಮನೆ ಖಾಲಿಯಾದಾಗ ‘ನಮ್ಮವರಾದರೆ ಮಾತ್ರ’ ಎನ್ನುವುದುಂಟು. ಇದು ನ್ಯಾಯವೇ? ವಸತಿಯ ಸಮಸ್ಯೆಯ ಕುರಿತು 1987ರಲ್ಲಿ ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗ ಹೊರಡಿಸಿದ ದಾಖಲೆಯ ಶೀರ್ಷಿಕೆಯೇ ‘ಮನೆಯಿಲ್ಲದ ನಿನ್ನ ಸಹೋದರನಿಗೆ ನೀನೇನು ಮಾಡಿದೆ?’ ಎಂಬ ಪ್ರಶ್ನೆ. ಸಹೋದರನ ಜಾತಿ, ಧರ್ಮವನ್ನು ಆ ಪ್ರಶ್ನೆ ವಿಚಾರಿಸುವುದಿಲ್ಲ.

ಮಕ್ಕಳು ಗಲ್ಫಿನಲ್ಲಿಯೋ ಬೆಂಗಳೂರಿನಲ್ಲಿಯೋ ನೆಲೆಸಿ, ಮೇಲಂತಸ್ತಿಗೆ ಬೀಗ ಬಿದ್ದ ಮನೆಗಳು ಎಷ್ಟಿಲ್ಲ? ಬಾಡಿಗೆದಾರ ಒಮ್ಮೆ ಒಳಹೊಕ್ಕರೆ ಬಿಡಲಾರನೆಂಬ ಭಯ ಹಿರಿಯರದು. ಭಯ ನಿರಾಧಾರವೆನ್ನಲಾಗದು, ಆದರೆ ಬಾಡಿಗೆದಾರನನ್ನು ರಕ್ಷಿಸುವ ಲಿಖಿತ ಕರಾರು ಮಾಲಿಕರನ್ನೂ ರಕ್ಷಿಸುತ್ತದೆ. ಯಾವ ಮನೆ ಖಾಲಿಯಿದೆ, ಯಾವ ಕುಟುಂಬ ಹುಡುಕುತ್ತಿದೆ ಎಂಬುದನ್ನು ವಾಳೆಯ ಗುರಿಕಾರರು ಬಲ್ಲರು. ಶಾಲೆ ಪುನರಾರಂಭವಾಗುವ ಜೂನ್‌ಗೆ ಮುನ್ನ, ಈಸ್ಟರ್ ಕಳೆದ ಕೂಡಲೇ, ಅವರು ಎರಡೂ ಕಡೆಯವರನ್ನು ಒಂದೆಡೆ ಕೂರಿಸಿ ಮಾತನಾಡಿಸಬಹುದು. ಇದಕ್ಕೆ ಬೇರೆ ಸಮಿತಿಯ ಅಗತ್ಯವಿಲ್ಲ.