ವಿಶ್ವವಿದ್ಯಾಲಯದ ಗಡಿ ಸರಿದಾಗ: ಕಾಲೇಜು ಹಾಕಿಯ ಆಟಗಾರರೂ ತಂಡಗಳ ಬಲಾಬಲವೂ

ಪಲ್ಲಡಂನ ಒಂದೇ ಶಾಲೆಯಲ್ಲಿ ಒಂದೇ ತಂಡಕ್ಕೆ ಹಾಕಿ ಆಡಿದ ಮೂವರು ವಿದ್ಯಾರ್ಥಿಗಳು ಹನ್ನೆರಡನೆಯ ತರಗತಿ ಮುಗಿಸಿದರೆಂದು ಭಾವಿಸೋಣ. ಒಬ್ಬನು ಕಲಾ ಮತ್ತು ವಿಜ್ಞಾನ ಕಾಲೇಜನ್ನು ಸೇರಿದರೆ ಅವನು ಭಾರತಿಯಾರ್ ವಿಶ್ವವಿದ್ಯಾಲಯದ ಆಟಗಾರನಾಗುತ್ತಾನೆ. ಎಂಜಿನಿಯರಿಂಗ್ ಸೇರಿದವನು ಅಣ್ಣಾ ವಿಶ್ವವಿದ್ಯಾಲಯದ ಆಟಗಾರ. ಮೂರನೆಯವನು ಕೊಯಮತ್ತೂರಿನ ಯಾವುದಾದರೊಂದು ಡೀಮ್ಡ್ ವಿಶ್ವವಿದ್ಯಾಲಯವನ್ನು ಆರಿಸಿಕೊಂಡರೆ ಅವನಿಗೆ ಇನ್ನೊಂದು ಅಂಗಿ, ಇನ್ನೊಂದು ಬಣ್ಣ. ಮೂವರೂ ಮುಂದೊಂದು ದಿನ ದಕ್ಷಿಣ ವಲಯದ ಪಂದ್ಯಾವಳಿಯಲ್ಲಿ ಎದುರಾಳಿಗಳಾಗಿ ನಿಲ್ಲಬಹುದು. ಇವರನ್ನು ಬೇರ್ಪಡಿಸಿದ್ದು ಆಟದ ನಿಯಮವಲ್ಲ, ಕಾಲೇಜುಗಳ ಸಂಯೋಜನೆಯ ನಿಯಮ. ಅದು ಬದಲಾದಾಗಲೆಲ್ಲ ತಂಡಗಳೂ ಬದಲಾಗುತ್ತವೆ.

ಭಾರತದಲ್ಲಿ ಅಂತರ ವಿಶ್ವವಿದ್ಯಾಲಯ ಕ್ರೀಡೆಗಳ ಹೊಣೆಯು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ್ದು. 1925ರಲ್ಲಿ ಅಂತರ ವಿಶ್ವವಿದ್ಯಾಲಯ ಮಂಡಳಿಯೆಂದು ಹುಟ್ಟಿದ ಈ ಸಂಸ್ಥೆ 1973ರಲ್ಲಿ ಈಗಿನ ಹೆಸರನ್ನು ಪಡೆಯಿತು. ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯದ ಮೊದಲ ನಾಲ್ಕು ತಂಡಗಳನ್ನು ಅಖಿಲ ಭಾರತ ಹಂತಕ್ಕೆ ಕಳುಹಿಸುವುದು ಹಾಕಿಯಲ್ಲಿ ನಡೆದು ಬಂದ ಪದ್ಧತಿ. ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರಪ್ರದೇಶ, ತೆಲಂಗಾಣ, ಪುದುಚೇರಿಗಳು ದಕ್ಷಿಣ ವಲಯಕ್ಕೆ ಸೇರಿವೆ. ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ವಲಯದೊಳಗೆ ವಿಶ್ವವಿದ್ಯಾಲಯಗಳು ಎಷ್ಟೇ ಹೆಚ್ಚಿದರೂ ಮೇಲಿನ ಹಂತಕ್ಕೆ ಏರುವ ಮೆಟ್ಟಿಲುಗಳು ನಾಲ್ಕೇ. ಒಂದು ವಿಶ್ವವಿದ್ಯಾಲಯವನ್ನು ಎರಡಾಗಿಸಿದರೆ ತಂಡಗಳು ಎರಡಾಗುತ್ತವೆ, ಅವಕಾಶದ ಬಾಗಿಲು ಮಾತ್ರ ಅಷ್ಟೇ ಅಗಲವಾಗಿ ಉಳಿಯುತ್ತದೆ.

ಇಂಥ ಮರುವಿಂಗಡಣೆಯ ಪರಿಣಾಮವನ್ನು ಅಮೆರಿಕದವರು ಬಹಳ ಚರ್ಚಿಸಿದ್ದಾರೆ. ಅಲ್ಲಿ ಕಾಲೇಜು ಹಾಕಿಯೆಂದರೆ ಮಂಜುಗಡ್ಡೆಯ ಮೇಲಿನ ಹಾಕಿ. ವಿಶ್ವವಿದ್ಯಾಲಯಗಳು ತಾವೇ ಕೂಡಿ ಕಟ್ಟಿಕೊಂಡ ಕಾನ್ಫರೆನ್ಸ್ ಎಂಬ ಕೂಟಗಳಲ್ಲಿ ಆಡುತ್ತವೆ. 2010ರಲ್ಲಿ ಟೆರಿ ಪೆಗುಲಾ ಎಂಬ ಉದ್ಯಮಿ ತಾನು ಓದಿದ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹಾಕಿ ಅಂಗಣ ಕಟ್ಟಿಸಲು 8.8 ಕೋಟಿ ಡಾಲರ್ ದಾನವಿತ್ತನು. ಆ ತಂಡ ಮೇಲಿನ ದರ್ಜೆಗೆ ಬಂದೊಡನೆ ಬಿಗ್ ಟೆನ್ ಕೂಟಕ್ಕೆ ಸ್ವಂತ ಹಾಕಿ ಲೀಗ್ ನಡೆಸಲು ಬೇಕಾದ ಆರು ತಂಡಗಳು ಒದಗಿದವು. 2013ರಲ್ಲಿ ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಮುಂತಾದ ದೊಡ್ಡ ಹೆಸರುಗಳು ಹಳೆಯ ಕೂಟಗಳನ್ನು ತೊರೆದವು. ಒಂದು ಕೂಟ ಮುಚ್ಚಿಯೇ ಹೋಯಿತು. ಉಳಿದವರಲ್ಲಿ ಬಲಿಷ್ಠವಾದ ಎಂಟು ತಂಡಗಳು, ಅಂದರೆ ನಾರ್ತ್ ಡಕೋಟ, ಡೆನ್ವರ್, ಮಿನೆಸೋಟ ಡುಲೂತ್ ಮೊದಲಾದವು, ನ್ಯಾಷನಲ್ ಕಾಲೇಜಿಯೇಟ್ ಹಾಕಿ ಕಾನ್ಫರೆನ್ಸ್ ಎಂಬ ಹೊಸ ಕೂಟವನ್ನು ಕಟ್ಟಿಕೊಂಡವು. ಹಣವೂ ದೂರದರ್ಶನದ ವಾಹಿನಿಯೂ ಇದ್ದ ಬಿಗ್ ಟೆನ್ ಎಲ್ಲ ಪ್ರತಿಭೆಯನ್ನೂ ಸೆಳೆದುಕೊಳ್ಳುವುದೆಂಬುದು ಸಹಜವಾದ ಊಹೆಯಾಗಿತ್ತು. ನಡೆದದ್ದು ಬೇರೆ. 2016ರಿಂದ 2025ರವರೆಗೆ ನಡೆದ ಒಂಬತ್ತು ರಾಷ್ಟ್ರೀಯ ಪಂದ್ಯಾವಳಿಗಳಲ್ಲಿ (2020ರದು ಕೋವಿಡ್‌ನಿಂದ ರದ್ದಾಯಿತು) ಏಳನ್ನು ಗೆದ್ದದ್ದು ಆ ಹೊಸ ಕೂಟದ ತಂಡಗಳು. ಬಿಗ್ ಟೆನ್‌ಗೆ ಆ ಅವಧಿಯಲ್ಲಿ ಒಂದೂ ದಕ್ಕಲಿಲ್ಲ. ಪ್ರತಿ ವಾರವೂ ಸಮಬಲದ ಎದುರಾಳಿಗಳೊಡನೆ ಆಡುವ ಕೂಟವನ್ನು ಒಳ್ಳೆಯ ಆಟಗಾರರು ತಾವಾಗಿ ಬಯಸಿದರೆಂದೇ ಇದನ್ನು ಅರ್ಥೈಸಬೇಕಾಗುತ್ತದೆ. ಆದರೆ ಎಲ್ಲರ ಗತಿಯೂ ಹಾಗಾಗಲಿಲ್ಲ. 2021ರಲ್ಲಿ ಏಳು ತಂಡಗಳು ಹಳೆಯ ವೆಸ್ಟರ್ನ್ ಕೂಟವನ್ನು ಬಿಟ್ಟು ನಡೆದಾಗ ಅಲಾಸ್ಕದ ಎರಡು ತಂಡಗಳೂ ಅಲಬಾಮಾದ ಹಂಟ್ಸ್‌ವಿಲ್ ತಂಡವೂ ನಡುನೀರಿನಲ್ಲಿ ಉಳಿದವು. ಹಂಟ್ಸ್‌ವಿಲ್ ತನ್ನ ಹಾಕಿಯನ್ನೇ ಸ್ಥಗಿತಗೊಳಿಸಿತು.

ಅಲ್ಲಿ ಕೂಟವನ್ನು ಬದಲಿಸುವುದು ವಿಶ್ವವಿದ್ಯಾಲಯಗಳ ಇಚ್ಛೆ. ಇಲ್ಲಿ ಬದಲಿಸುವುದು ಶಾಸನಸಭೆ, ಅದೂ ಹಾಕಿಯನ್ನು ನೆನೆಯದೆ. ಇದಕ್ಕೆ ಕನ್ನಡ ನಾಡಿನಲ್ಲಿ ಕೊಡಗಿಗಿಂತ ಉತ್ತಮ ನಿದರ್ಶನ ದೊರೆಯಲಾರದು.

ಮಡಿಕೇರಿಯಲ್ಲಿ ಸರಕಾರಿ ಕಾಲೇಜು ಆರಂಭವಾದ 1949ರಲ್ಲಿ ಕೊಡಗು ಇನ್ನೂ ಪ್ರತ್ಯೇಕ ಪ್ರಾಂತವಾಗಿತ್ತು. ಅಲ್ಲಿಯ ಉನ್ನತ ಶಿಕ್ಷಣ ಕೊಯಮತ್ತೂರಿನದರಂತೆಯೇ ಮದರಾಸು ವಿಶ್ವವಿದ್ಯಾಲಯದ ನೆರಳಿನಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಕಾಲೇಜು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಕೊಡಗು ಕರಾವಳಿಯೊಡನೆ ಕೂಡಿತು. 2023ರ ಮಾರ್ಚಿಯಲ್ಲಿ ಕೊಡಗು ವಿಶ್ವವಿದ್ಯಾಲಯ ಉದ್ಘಾಟನೆಗೊಂಡಿತು. ಚಿಕ್ಕ ಅಳುವಾರದಲ್ಲಿದ್ದ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೇ ಅದರ ನೆಲೆ. ಹೀಗೆ ಮುಕ್ಕಾಲು ಶತಮಾನದೊಳಗೆ ಒಂದೇ ಕಾಲೇಜಿನ ಹಾಕಿ ಆಟಗಾರ ನಾಲ್ಕು ವಿಶ್ವವಿದ್ಯಾಲಯಗಳ ಹೆಸರನ್ನು ಎದೆಯ ಮೇಲೆ ಧರಿಸುವಂತಾಯಿತು. ಮೈದಾನ ಅದೇ, ಮಳೆ ಅದೇ.

ಮೈಸೂರಿನ ಕಾಲದಲ್ಲಿ ಕೊಡಗಿನ ಹುಡುಗರು ದೊಡ್ಡದೊಂದು ವಿಶ್ವವಿದ್ಯಾಲಯದ ತಂಡದ ಒಂದು ಅಂಗವಾಗಿದ್ದರು. ಮಂಗಳೂರಿನ ಕಾಲದಲ್ಲಿ ಸ್ಥಿತಿ ಬೇರೆಯಾಯಿತು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್‌ಗಳಿಗೆ ಇರುವ ಬೇರು ಹಾಕಿಗೆ ಇಲ್ಲ. ಮೂಡುಬಿದಿರೆಯ ಆಳ್ವಾಸ್ ಕಾಲೇಜು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಓದಿಸುವ ಪದ್ಧತಿಯಿಂದ ಮಂಗಳೂರು ವಿಶ್ವವಿದ್ಯಾಲಯಕ್ಕೆ ಅಥ್ಲೆಟಿಕ್ಸ್‌ನಲ್ಲಿ ರಾಷ್ಟ್ರಮಟ್ಟದ ಕೀರ್ತಿ ತಂದಿತು. ಹಾಕಿಯ ಹೊರೆಯನ್ನು ಮಾತ್ರ ಘಟ್ಟದ ಮೇಲಿನ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಗಳು ಹೊರಬೇಕಾಗಿತ್ತು. ಇದು ಒಂದು ಬಗೆಯ ಶ್ರಮವಿಭಜನೆ. ಕರಾವಳಿಯ ನೂರಾರು ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ ಕ್ರೀಡಾ ಶುಲ್ಕದಲ್ಲಿ ಕೊಡಗಿನ ಆಟಗಾರನ ಪ್ರಯಾಣ, ಸಮವಸ್ತ್ರ, ತರಬೇತಿ ಶಿಬಿರಗಳ ವೆಚ್ಚ ಸಾಗುತ್ತಿತ್ತು. ಪ್ರತಿಯಾಗಿ ವಿಶ್ವವಿದ್ಯಾಲಯಕ್ಕೆ ಒಂದು ಹಾಕಿ ತಂಡ ಸಿಕ್ಕುತ್ತಿತ್ತು.

2023ರ ವಿಂಗಡಣೆ ಈ ಕೊಡುಕೊಳೆಯನ್ನು ಕಡಿಯಿತು. ಹೊಸ ವಿಶ್ವವಿದ್ಯಾಲಯದ ಪಾಲಿಗೆ ಪ್ರತಿಭೆ ಬಂದಿತು, ಹಣ ಬರಲಿಲ್ಲ. ಒಂದೇ ಜಿಲ್ಲೆಯ ಕೆಲವೇ ಕಾಲೇಜುಗಳಿಂದ ಕೂಡುವ ಕ್ರೀಡಾ ಶುಲ್ಕ ಎಷ್ಟು ಆಟಗಳಿಗೆ ಸಾಕಾದೀತು? ಹಾಕಿಯಂತೂ ಅಗ್ಗದ ಆಟವಲ್ಲ: ಕೃತಕ ಹಾಸಿಗೆ ತಕ್ಕ ಪಾದರಕ್ಷೆ, ಕೋಲು, ಗೋಲಿಯ ಕವಚಗಳಿಂದ ತೊಡಗಿ ಹದಿನೆಂಟು ಮಂದಿಯ ರೈಲು ಪ್ರಯಾಣದವರೆಗೆ ಎಲ್ಲಕ್ಕೂ ಖರ್ಚಿದೆ. ಮಂಗಳೂರಿಗೆ ಇದರ ಪ್ರತಿಬಿಂಬದಂಥ ಕಷ್ಟ: ಹಣವಿದೆ, ಹಾಕಿಯ ಸೀಮೆ ಕೈತಪ್ಪಿದೆ. ಇನ್ನು ಮುಂದೆ ಕರಾವಳಿಯ ಕಾಲೇಜು ಹಾಕಿ ತಂಡ ಕಟ್ಟಬೇಕಾದರೆ ಘಟ್ಟದ ಮೇಲಿನಿಂದ ವಿದ್ಯಾರ್ಥಿಗಳನ್ನು ಕರೆತರಬೇಕು.

ಇಲ್ಲಿಯೇ ಆಟಗಾರರ ಸೆಳೆತದ ಪ್ರಶ್ನೆ ಮೊಳೆಯುವುದು. ಮೊದಲು ವಿರಾಜಪೇಟೆಯ ಹುಡುಗಿಯೊಬ್ಬಳು ಹೆಚ್ಚಿನ ಸೌಲಭ್ಯಕ್ಕಾಗಿ ಮೂಡುಬಿದಿರೆಗೆ ಹೋದರೆ ಅವಳ ಊರಿನ ಕಾಲೇಜಿಗೆ ನಷ್ಟವಾಗುತ್ತಿತ್ತೇ ಹೊರತು ವಿಶ್ವವಿದ್ಯಾಲಯದ ತಂಡಕ್ಕಲ್ಲ. ಅವಳು ಆಯ್ಕೆ ಶಿಬಿರದಲ್ಲಿ ತನ್ನ ಹಳೆಯ ಗೆಳತಿಯರನ್ನೇ ಸೇರುತ್ತಿದ್ದಳು. ಈಗ ಅದೇ ಪ್ರಯಾಣ ಒಂದು ಗಡಿಯನ್ನು ದಾಟುತ್ತದೆ. ಅವಳು ಹೋದರೆ ಕೊಡಗು ವಿಶ್ವವಿದ್ಯಾಲಯಕ್ಕೆ ಒಬ್ಬ ಆಟಗಾರ್ತಿ ಕಡಿಮೆ, ಎದುರಾಳಿಗೆ ಒಬ್ಬಳು ಹೆಚ್ಚು. ಬೆಂಗಳೂರಿನ ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ಸೆಳೆತ ಇದಕ್ಕೂ ಹಳೆಯದು. ಸಂಯೋಜಿತ ಕಾಲೇಜುಗಳಿಲ್ಲದ ಅಂಥ ಸಂಸ್ಥೆ ತನ್ನ ಒಂದೇ ಆವರಣದ ವಿದ್ಯಾರ್ಥಿಗಳಿಂದ ತಂಡ ಕಟ್ಟಬೇಕಾದ್ದರಿಂದ ಶುಲ್ಕ ವಿನಾಯಿತಿ, ವಸತಿ, ಊಟಗಳನ್ನು ಮುಂದೊಡ್ಡಿ ಹದಿನೆಂಟು ಆಟಗಾರರನ್ನು ನೇರವಾಗಿ ಆಯ್ದು ತರುತ್ತದೆ. ಚಿಕ್ಕ ಸರಕಾರಿ ವಿಶ್ವವಿದ್ಯಾಲಯವಾದರೋ ತನ್ನ ಜಿಲ್ಲೆಯಲ್ಲಿ ಉಳಿದವರನ್ನೇ ನೆಚ್ಚಬೇಕು. ಇಬ್ಬರೂ ಒಂದೇ ವಲಯದ ಒಂದೇ ನಾಕೌಟ್ ಪಟ್ಟಿಯಲ್ಲಿರುತ್ತಾರೆ.

ಕೊಡಗಿನ ಪಕ್ಷದಲ್ಲಿಯೂ ಹೇಳಬೇಕಾದ್ದು ಸಾಕಷ್ಟಿದೆ. ಮಡಿಕೇರಿಯ ಕ್ರೀಡಾ ಪ್ರಾಧಿಕಾರದ ಕೇಂದ್ರ, ಕೂಡಿಗೆಯ ಕ್ರೀಡಾ ಶಾಲೆ, ಪೊನ್ನಂಪೇಟೆಯ ಕ್ರೀಡಾ ವಸತಿ ನಿಲಯ ಇವೆಲ್ಲ ಒಂದೇ ಚಿಕ್ಕ ಜಿಲ್ಲೆಯೊಳಗಿವೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದರಿಂದ ಎಸ್.ವಿ. ಸುನಿಲ್‌ವರೆಗೆ ಭಾರತಕ್ಕೆ ಆಡಿದವರ ಸಾಲು ದೊಡ್ಡದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳ ತಂಡಗಳೊಡನೆ ಆರಂಭಿಸಿದ ಕೊಡವ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳನ್ನು ಕಂಡು ಗಿನ್ನೆಸ್ ದಾಖಲೆಗೆ ಸೇರಿತು. ಅಲ್ಲಿ ತಂಡವನ್ನು ಗೊತ್ತುಮಾಡುವುದು ಒಕ್ಕದ ಹೆಸರು. ಹಣಕೊಟ್ಟು ಆಟಗಾರನನ್ನು ತರುವ ಮಾತೇ ಇಲ್ಲ. ಇಷ್ಟು ಒತ್ತಾಗಿ ಹಾಕಿ ಬೆಳೆದ ನೆಲಕ್ಕೆ ಸ್ವಂತದ ವಿಶ್ವವಿದ್ಯಾಲಯ ತಂಡ ದೊರೆತದ್ದು, ತತ್ತ್ವತಃ, ನಾರ್ತ್ ಡಕೋಟದವರಿಗೆ ಹೊಸ ಕೂಟ ದೊರೆತಂತೆಯೇ. ಹಣಕ್ಕಿಂತ ಆಟದ ಸಾಂದ್ರತೆ ಮುಖ್ಯವೆಂಬ ವಾದಕ್ಕೆ ಇಲ್ಲಿ ಒಂದು ಪರೀಕ್ಷೆ ನಡೆಯಬಹುದಾಗಿತ್ತು.

ಪರೀಕ್ಷೆ ನಡೆಯಲು ಕಾಲ ಬೇಕು. 2025ರ ಫೆಬ್ರವರಿಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಂಪುಟ ಉಪಸಮಿತಿಯು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಪ್ರಸ್ತಾಪವನ್ನು ಮುಂದಿಟ್ಟಿತು. ಕೊಡಗಿನದೂ ಆ ಪಟ್ಟಿಯಲ್ಲಿತ್ತು. ಕಾರಣ ಆರ್ಥಿಕವಾದದ್ದು, ಅದನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೆ ಪದವಿ ಮೂರು ವರ್ಷದ ಮಾತು. ತಾನು ಸೇರುವ ವಿಶ್ವವಿದ್ಯಾಲಯ ಮೂರನೆಯ ವರ್ಷದಲ್ಲಿ ಇರುತ್ತದೆಯೋ ಇಲ್ಲವೋ ಎಂಬ ಅನುಮಾನವಿರುವಾಗ ಒಳ್ಳೆಯ ಆಟಗಾರನ ತಂದೆತಾಯಿಗಳು ಸ್ಥಿರವಾದ ಹೆಸರಿನ ಕಡೆಗೇ ವಾಲುತ್ತಾರೆ. ಮುಚ್ಚುವ ತೀರ್ಮಾನಕ್ಕಿಂತ ಮುಚ್ಚಬಹುದೆಂಬ ಮಾತೇ ಹೆಚ್ಚು ಆಟಗಾರರನ್ನು ಕಳೆಯಬಲ್ಲದು.

ಕೊಯಮತ್ತೂರು ಸೀಮೆಯವರಿಗೆ ಈ ಅನಿಶ್ಚಿತತೆ ಹೊಸದಲ್ಲ. ಭಾರತಿಯಾರ್ ವಿಶ್ವವಿದ್ಯಾಲಯ 1982ರಲ್ಲಿ ಮದರಾಸಿನಿಂದ ಬೇರೆಯಾಯಿತು. ಇಲ್ಲಿಯ ಎಂಜಿನಿಯರಿಂಗ್ ಕಾಲೇಜುಗಳು ಆರಂಭದಲ್ಲಿ ಅದರೊಳಗಿದ್ದು, ಈ ಶತಮಾನದ ಮೊದಲ ವರ್ಷಗಳಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯಕ್ಕೆ ವರ್ಗವಾದವು. 2007ರಲ್ಲಿ ಕೊಯಮತ್ತೂರಿಗೇ ಪ್ರತ್ಯೇಕ ಅಣ್ಣಾ ವಿಶ್ವವಿದ್ಯಾಲಯವಾಯಿತು. ಕೆಲವೇ ವರ್ಷಗಳಲ್ಲಿ ಅದು ಮತ್ತೆ ಚೆನ್ನೈನದರಲ್ಲಿ ವಿಲೀನಗೊಂಡಿತು. ಪ್ರತ್ಯೇಕವಾಗಿದ್ದ ಅಲ್ಪಾವಧಿಯಲ್ಲಿ ಈ ಭಾಗದ ವಿದ್ಯಾರ್ಥಿಗೆ ತಂಡದಲ್ಲಿ ಸ್ಥಾನ ಪಡೆಯಲು ಸುತ್ತಲಿನ ಜಿಲ್ಲೆಗಳವರೊಡನೆ ಸ್ಪರ್ಧಿಸಿದರೆ ಸಾಕಾಗಿತ್ತು. ವಿಲೀನದ ಬಳಿಕ ಇಡೀ ರಾಜ್ಯದ ಎಂಜಿನಿಯರಿಂಗ್ ಆಟಗಾರರೊಡನೆ ಸ್ಪರ್ಧೆ. ತಂಡದ ಬಲ ಹೆಚ್ಚಿತು, ತಂಡಕ್ಕೆ ಸೇರುವ ದಾರಿ ಕಿರಿದಾಯಿತು. ತೆಂಕಣ ತಮಿಳುನಾಡಿನ ಹಾಕಿಯ ತವರಾದ ಕೋವಿಲ್‌ಪಟ್ಟಿಯೂ ಹೀಗೆಯೇ 1990ರಲ್ಲಿ ಮದುರೈ ಕಾಮರಾಜರ ವಿಶ್ವವಿದ್ಯಾಲಯದ ಮಡಿಲಿನಿಂದ ತಿರುನೆಲ್ವೇಲಿಯ ಮನೋನ್ಮಣೀಯಂ ಸುಂದರನಾರ್ ವಿಶ್ವವಿದ್ಯಾಲಯಕ್ಕೆ ಹೋಯಿತು.

ಸ್ಥಾನ ದೊರೆಯುವುದೂ ತಪ್ಪುವುದೂ ಬರಿಯ ಅಭಿಮಾನದ ಸಂಗತಿಯಲ್ಲ. ಕೇಂದ್ರ ಸರಕಾರದ ಕ್ರೀಡಾ ಕೋಟಾದ ನೇಮಕಗಳಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ವಿಶ್ವವಿದ್ಯಾಲಯವನ್ನು ಪ್ರತಿನಿಧಿಸಿದವರಿಗೆ ಅರ್ಹತೆಯಿದೆ. ನಿಗದಿತ ಮೂರನೆಯ ನಮೂನೆಯ ಪ್ರಮಾಣಪತ್ರ ಅದಕ್ಕಾಗಿಯೇ ಇರುವುದು. ಕಾಫಿ ತೋಟದ ಕೂಲಿಯ ಮಗನಿಗಾಗಲಿ ಪಲ್ಲಡಂನ ಮಗ್ಗದ ಕಾರ್ಮಿಕನ ಮಗಳಿಗಾಗಲಿ ಆ ಒಂದು ಹಾಳೆ ರೈಲ್ವೆಯ ಅಥವಾ ಅಂಚೆಯ ಉದ್ಯೋಗಕ್ಕೆ ದಾರಿಯಾಗಬಹುದು. ಈ ದೃಷ್ಟಿಯಿಂದ ನೋಡಿದರೆ ವಿಂಗಡಣೆ ಉಪಕಾರವನ್ನೇ ಮಾಡುತ್ತದೆ: ಹದಿನೆಂಟು ಸ್ಥಾನಗಳಿದ್ದಲ್ಲಿ ಮೂವತ್ತಾರು ಆಗುತ್ತವೆ. ಗೆಲುವಿನ ದೃಷ್ಟಿಯಿಂದ ನೋಡಿದರೆ ಆ ಮೂವತ್ತಾರು ಎರಡು ದುರ್ಬಲ ತಂಡಗಳಾಗಿ ಮೊದಲ ಸುತ್ತಿನಲ್ಲೇ ಹಿಂತಿರುಗಬಹುದು. ಅಖಿಲ ಭಾರತ ಹಂತವನ್ನೂ ಅಲ್ಲಿಂದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನೂ ತಲುಪದೆ ಹೋಗಬಹುದು. ಎರಡು ಲೆಕ್ಕಗಳೂ ಸರಿಯೇ. ಕ್ರೀಡಾ ವಿಭಾಗದವರು ಎರಡನೆಯದನ್ನು ಮಾತ್ರ ಮಾಡುವುದು ರೂಢಿಯಾಗಿದೆ.

ಮಹಿಳಾ ತಂಡಗಳ ಸ್ಥಿತಿ ಇನ್ನಷ್ಟು ಸೂಕ್ಷ್ಮ. ಪುರುಷರ ಹಾಕಿ ಹತ್ತು ಕಾಲೇಜುಗಳಲ್ಲಿದ್ದರೆ ಮಹಿಳೆಯರದು ಎರಡು ಮೂರರಲ್ಲಿ ಇರುತ್ತದೆ. ಗಡಿರೇಖೆ ಆ ಎರಡು ಮೂರರ ನಡುವೆಯೇ ಹಾದುಹೋದರೆ ಒಂದು ಬದಿಯಲ್ಲಿ ಹನ್ನೊಂದು ಮಂದಿ ಕೂಡುವುದೂ ಕಷ್ಟ. ತಂಡವನ್ನು ಕಳುಹಿಸದಿರುವುದೇ ಅಲ್ಲಿ ಸುಲಭದ ತೀರ್ಮಾನವಾಗಿಬಿಡುತ್ತದೆ.

ಸಂಕ್ರಮಣದ ವರ್ಷಗಳ ತೊಡಕೂ ಒಂದಿದೆ. ವಿಶ್ವವಿದ್ಯಾಲಯ ಬೇರೆಯಾದಾಗ ಅದಾಗಲೇ ಸೇರಿದ್ದ ವಿದ್ಯಾರ್ಥಿಗಳು ಹಳೆಯ ವಿಶ್ವವಿದ್ಯಾಲಯದ ಪದವಿಯನ್ನೇ ಪಡೆಯುವುದು ವಾಡಿಕೆ. ಹೊಸಬರು ಹೊಸದಕ್ಕೆ ಸೇರುತ್ತಾರೆ. ಹೀಗಾಗಿ ಎರಡು ವರ್ಷಗಳ ಕಾಲ ಒಂದೇ ಕಾಲೇಜಿನ ಮೈದಾನದಲ್ಲಿ ಜೊತೆಯಾಗಿ ಅಭ್ಯಾಸ ಮಾಡುವ ಮೂರನೆಯ ವರ್ಷದವನೂ ಮೊದಲ ವರ್ಷದವನೂ ಕಾಗದದ ಮೇಲೆ ಬೇರೆ ಬೇರೆ ವಿಶ್ವವಿದ್ಯಾಲಯದವರು. ಒಂದು ಶೈಕ್ಷಣಿಕ ವರ್ಷದಲ್ಲಿ ಒಂದೇ ವಿಶ್ವವಿದ್ಯಾಲಯದ ಪರವಾಗಿ ಆಡಬೇಕೆಂಬುದು ನಿಯಮ. ಆದ್ದರಿಂದ ಆಯ್ಕೆಯ ದಿನ ದೈಹಿಕ ಶಿಕ್ಷಣ ನಿರ್ದೇಶಕರು ಮೊದಲು ನೋಡಬೇಕಾದ್ದು ಹುಡುಗನ ಓಟವನ್ನಲ್ಲ, ಅವನ ನೋಂದಣಿ ಸಂಖ್ಯೆಯನ್ನು.