‘ಬಿಟ್ರೋದಲ್’: ಒಂದು ಹಳೆಯ ಪದವನ್ನು ತರಗತಿಯಲ್ಲಿ ಬಿಡಿಸುವ ಬಗೆ

ಪ್ರೌಢಶಾಲೆಯ ಮಕ್ಕಳು ಓದುವ ಹಳೆಯ ಇಂಗ್ಲಿಷ್ ಕಥೆ, ನಾಟಕಗಳಲ್ಲಿ ‘ಬಿಟ್ರೋದಲ್’, ‘ಬಿಟ್ರೋದ್ಡ್’ ಎಂಬ ಪದಗಳು ಎದುರಾಗುತ್ತವೆ. ಹಲಗೆಯ ಮೇಲೆ ‘ನಿಶ್ಚಿತಾರ್ಥ’ ಎಂದು ಬರೆದು ಪಾಠ ಮುಂದುವರಿಸುವುದು ರೂಢಿ. ಅರ್ಥವೇನೋ ಸರಿ. ಆದರೆ ಅಷ್ಟರಿಂದಲೇ ಪದ ಮಕ್ಕಳದ್ದಾಗುವುದಿಲ್ಲ. ಪದ ಎಲ್ಲಿಂದ ಬಂತು, ವಾಕ್ಯದಲ್ಲಿ ಹೇಗೆ ನಿಲ್ಲುತ್ತದೆ, ಇಂದು ಎಲ್ಲಿ ಉಳಿದಿದೆ ಎಂಬ ಮೂರು ಪ್ರಶ್ನೆಗಳನ್ನು ಪಾಠ ಯೋಜನೆಯಲ್ಲಿ ಸೇರಿಸಿಕೊಂಡರೆ ಹೆಚ್ಚು ಪ್ರಯೋಜನವಾಗುತ್ತದೆ.

ಮೊದಲನೆಯದು ಪದದ ಬೇರು. ಇದರ ನಡುವೆ ಇರುವುದು ‘ಟ್ರೋತ್’ ಎಂಬ ಪದ. ಕೊಟ್ಟ ಮಾತು, ನಿಷ್ಠೆ ಎಂದು ಅದರ ಅರ್ಥ. ಸತ್ಯ ಎಂಬ ಅರ್ಥದ ‘ಟ್ರೂತ್’ ಮತ್ತು ಈ ‘ಟ್ರೋತ್’ ಎರಡೂ ಹಳೆಯ ಇಂಗ್ಲಿಷಿನ ಒಂದೇ ಪದದಿಂದ ಕವಲೊಡೆದವು. ಮಕ್ಕಳಿಗೆ ‘ಟ್ರೂತ್’ ಗೊತ್ತಿರುವುದರಿಂದ ಆ ಪೂರ್ವಜ್ಞಾನದಿಂದಲೇ ಪಾಠ ಆರಂಭಿಸಬಹುದು. ನಾವು ದಿನವೂ ಬಳಸುವ ‘ಎಂಗೇಜ್‌ಮೆಂಟ್’ ಬಂದಿದ್ದು ಫ್ರೆಂಚಿನ ‘ಗೇಜ್’ ಎಂಬ ಪದದಿಂದ. ಅದರ ಅರ್ಥ ಒತ್ತೆ. ಹೀಗೆ ಒಂದು ಪದದಲ್ಲಿ ಒತ್ತೆಯಿದೆ, ಇನ್ನೊಂದರಲ್ಲಿ ಮಾತಿದೆ. ನಮ್ಮ ‘ನಿಶ್ಚಿತಾರ್ಥ’ದಲ್ಲಿ ತೀರ್ಮಾನವಾದ ಭಾವವಿದ್ದರೆ ‘ವಾಗ್ದಾನ’ದಲ್ಲಿ ಮಾತು ಕೊಟ್ಟ ಭಾವವಿದೆ. ಆದ್ದರಿಂದ ಅನುವಾದಕ್ಕೆ ‘ನಿಶ್ಚಿತಾರ್ಥ’, ವಿವರಣೆಗೆ ‘ವಾಗ್ದಾನ’ ಹೊಂದುತ್ತವೆ.

ಆ ಮಾತಿಗೆ ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಕಾನೂನಿನ ಬಲವಿತ್ತು. ಮಾತು ಕೊಟ್ಟವರು ಮದುವೆಯಾಗಲೇಬೇಕೆಂದು ಚರ್ಚಿನ ನ್ಯಾಯಾಲಯದಲ್ಲಿ ದಾವೆ ಹೂಡಬಹುದಿತ್ತು. 1753ರ ಹಾರ್ಡ್‌ವಿಕ್ ಕಾಯ್ದೆ ಅದನ್ನು ನಿಲ್ಲಿಸಿತು. ಮಾತು ಮುರಿದವರಿಂದ ಪರಿಹಾರ ಕೇಳುವ ಹಕ್ಕು ಮಾತ್ರ 1970ರ ಕಾನೂನು ಬರುವವರೆಗೂ ಉಳಿದಿತ್ತು. ಷೇಕ್ಸ್‌ಪಿಯರನ ‘ಮೆಷರ್ ಫಾರ್ ಮೆಷರ್’ ನಾಟಕದಲ್ಲಿ ಏಂಜೆಲೊ ಮತ್ತು ಮರಿಯಾನಾ ನಡುವೆ ಇಂಥ ವಾಗ್ದಾನ ನಡೆದಿರುತ್ತದೆ. ಅಣ್ಣನ ಹಡಗಿನೊಂದಿಗೆ ಅವಳ ವರದಕ್ಷಿಣೆಯೂ ಸಮುದ್ರದ ಪಾಲಾದಾಗ ಏಂಜೆಲೊ ಅವಳನ್ನು ಕೈಬಿಡುತ್ತಾನೆ. ವಿದ್ಯಾರ್ಥಿ ಮರಿಯಾನಾಳನ್ನು ‘ಹೆಂಡತಿ’ ಎಂದುಕೊಂಡರೂ, ಬರೀ ‘ಸಂಬಂಧ ತಪ್ಪಿಹೋದ ಹುಡುಗಿ’ ಎಂದುಕೊಂಡರೂ ಕಥೆ ಹಿಡಿತಕ್ಕೆ ಸಿಗುವುದಿಲ್ಲ. ಮದುವೆಯಾಗಿಲ್ಲ, ಆದರೆ ಬಂಧನವಿದೆ ಎಂಬ ನಡುವಿನ ಸ್ಥಿತಿಯ ಮೇಲೆಯೇ ಕಥೆಯ ಮುಖ್ಯ ತಿರುವು ನಿಂತಿದೆ.

ಎರಡನೆಯದು ಬಳಕೆ. ‘ಬಿಟ್ರೋದ್’ ಕ್ರಿಯಾಪದ, ‘ಬಿಟ್ರೋದಲ್’ ನಾಮಪದ. ‘ಬಿಟ್ರೋದ್ಡ್’ ವಿಶೇಷಣವಾಗಿಯೂ ಬರುತ್ತದೆ, ಮಾತಾದ ಹುಡುಗ ಅಥವಾ ಹುಡುಗಿ ಎಂಬ ಅರ್ಥದಲ್ಲಿ ನಾಮಪದವಾಗಿಯೂ ಬರುತ್ತದೆ. ಇದರ ಮುಂದೆ ‘ಟು’ ಬರಬೇಕು, ‘ವಿತ್’ ಅಲ್ಲ. ಕನ್ನಡದ ‘ಅವನ ಜೊತೆ’ ಎಂಬ ರೂಪದಿಂದ ಮಕ್ಕಳು ‘ವಿತ್’ ಬರೆಯುವ ಸಾಧ್ಯತೆ ಹೆಚ್ಚು. ಕಾಗುಣಿತದಲ್ಲಿ ಇದನ್ನು ಹೋಲುವ ‘ಬಿಟ್ರೇಯಲ್’ ಎಂದರೆ ದ್ರೋಹ. ಒಂದು ಮಾತು ಕೊಡುವುದು, ಇನ್ನೊಂದು ನಂಬಿಕೆ ಮುರಿಯುವುದು. ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸುವುದು ಒಳ್ಳೆಯದು.

ಈ ಕ್ರಿಯಾಪದದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಹಳೆಯ ಬರಹಗಳಲ್ಲಿ ಹಲವೆಡೆ ತಂದೆ ಕರ್ತೃ, ಮಗಳು ಕರ್ಮ: ತಂದೆ ಮಗಳನ್ನು ಒಬ್ಬನಿಗೆ ‘ಬಿಟ್ರೋದ್’ ಮಾಡುತ್ತಾನೆ. ಕರ್ಮಣಿ ಪ್ರಯೋಗಕ್ಕೆ ತಂದಾಗ ಮಾತು ಕೊಟ್ಟವರ ಹೆಸರು ವಾಕ್ಯದಿಂದ ಮರೆಯಾಗುತ್ತದೆ. ಕನ್ನಡದಲ್ಲಿಯೂ ಹೀಗೆಯೇ. ‘ಅವಳಿಗೆ ನಿಶ್ಚಯವಾಯಿತು’ ಎಂದಾಗ ನಿಶ್ಚಯ ಮಾಡಿದವರು ಯಾರೆಂದು ತಿಳಿಯುವುದಿಲ್ಲ. ಆದ್ದರಿಂದ ‘ಮಾತು ಕೊಟ್ಟವರು ಯಾರು? ಯಾರ ಪರವಾಗಿ?’ ಎಂದು ಕೇಳುವುದು ವ್ಯಾಕರಣದ ಪ್ರಶ್ನೆಯೂ ಹೌದು, ಕಥೆಯ ಪ್ರಶ್ನೆಯೂ ಹೌದು.

ಮೂರನೆಯದು ಇಂದಿನ ನೆಲೆ. ಮಾತಿನಲ್ಲಿ ಈ ಪದವನ್ನು ಈಗ ಯಾರೂ ಅಷ್ಟಾಗಿ ಬಳಸುವುದಿಲ್ಲ. ಗೆಳತಿಯ ನಿಶ್ಚಿತಾರ್ಥಕ್ಕೆ ಕರೆಯುವಾಗ ‘ಎಂಗೇಜ್‌ಮೆಂಟ್’ ಎಂದರೇ ಸಹಜ. ಆದರೆ ಕಾನೂನಿನ ಭಾಷೆಯಲ್ಲಿ ‘ಬಿಟ್ರೋದಲ್’ ಜೀವಂತವಾಗಿದೆ. ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಗಾಗಿ ವಿಶ್ವಸಂಸ್ಥೆ 1979ರಲ್ಲಿ ಅಂಗೀಕರಿಸಿದ ಒಡಂಬಡಿಕೆಯ 16ನೇ ವಿಧಿಯ ಪ್ರಕಾರ ಮಗುವಿನ ಮದುವೆಗಷ್ಟೇ ಅಲ್ಲ, ನಿಶ್ಚಿತಾರ್ಥಕ್ಕೂ ಕಾನೂನಿನ ಮಾನ್ಯತೆ ಇರಬಾರದು. ನಮ್ಮ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಹುಡುಗಿಗೆ 18, ಹುಡುಗನಿಗೆ 21 ವರ್ಷ ತುಂಬುವ ಮುನ್ನ ಮದುವೆ ಮಾಡುವುದನ್ನು ತಡೆಯುತ್ತದೆ. ಅದರಲ್ಲಿ ಬಾಲ್ಯದ ನಿಶ್ಚಿತಾರ್ಥದ ಪ್ರಸ್ತಾಪವಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಗುರುತಿಸಿ, ಅದನ್ನೂ ನಿಷೇಧಿಸುವ ಬಗ್ಗೆ ಸಂಸತ್ತು ಯೋಚಿಸಬೇಕೆಂದು ಹೇಳಿತು.

ನಾವು ಪಾಠ ಮಾಡುವ ಒಂಬತ್ತನೇ ತರಗತಿಯ ಹುಡುಗಿಯರಿಗೆ ಹದಿನಾಲ್ಕು, ಹದಿನೈದು ವರ್ಷ. ಅವರಲ್ಲಿ ಕೆಲವರಿಗೆ ಈ ಪದ ಹಳೆಯ ಪುಸ್ತಕದ್ದಾಗಿರದೆ ಮನೆಯಲ್ಲಿ ನಡೆಯುತ್ತಿರುವ ಮಾತುಕತೆಯೇ ಆಗಿರಬಹುದು. ಆದ್ದರಿಂದ ಉದಾಹರಣೆಗೆ ಮಕ್ಕಳ ಮನೆಯ ಸಂಗತಿಯನ್ನು ಕೇಳಬಾರದು. ಕಥೆಯ ಪಾತ್ರಗಳೇ ಸಾಕು. ವಯಸ್ಸಿನ ಮಿತಿಯನ್ನೂ ಮಕ್ಕಳ ಸಹಾಯವಾಣಿ 1098ನ್ನೂ ಪದದ ವಿವರಣೆಯ ಜೊತೆಗೇ ಸಹಜವಾಗಿ ಹೇಳಬಹುದು.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆಗಳು ಸಾಕು: ‘ಟ್ರೋತ್’ ಮತ್ತು ‘ಟ್ರೂತ್’ ನಡುವಿನ ಸಂಬಂಧವೇನು? ‘ಬಿಟ್ರೋದಲ್’ ಮತ್ತು ‘ಬಿಟ್ರೇಯಲ್’ಗೆ ಒಂದೊಂದು ವಾಕ್ಯ ಬರೆಯಿರಿ. ಕೊಟ್ಟಿರುವ ಕರ್ಮಣಿ ವಾಕ್ಯವನ್ನು ಕರ್ತರಿಗೆ ತಿರುಗಿಸಿ, ಮಾತು ಕೊಟ್ಟವರು ಯಾರೆಂದು ತಿಳಿಸಿ. ಮೂರನೆಯದಕ್ಕೆ ಉತ್ತರಿಸಬಲ್ಲ ವಿದ್ಯಾರ್ಥಿಗೆ ಪದ ಅರ್ಥವಾಗಿದೆ ಎಂದೇ ತಿಳಿಯಬಹುದು.