ಮೆಡಿಕಲ್ ಅಂಗಡಿಯಲ್ಲಿ ಮೊದಲ ಕೆಲಸ

ಡಿ.ಫಾರ್ಮಾ ಓದುವ ಮಕ್ಕಳು ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಮೇಡಂ, ಸಂಜೆ ಹೊತ್ತು ಯಾವುದಾದ್ರೂ ಮೆಡಿಕಲ್‌ನಲ್ಲಿ ಕೆಲಸ ಸಿಗುತ್ತಾ?" ಸಿಗುತ್ತದೆ. ಕ್ಲಿನಿಕ್ಕುಗಳು ತೆರೆದಿರುವ ಸಂಜೆ ಹೊತ್ತಿನಲ್ಲಿ ಆಳು ಸಾಲದೆ ಒದ್ದಾಡುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಆಗ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. "ಅಲ್ಲಿ ಏನು ಕೆಲಸ ಮಾಡ್ತೀಯಪ್ಪ?" "ಮಾತ್ರೆ ಕೊಡ್ತೀನಿ ಮೇಡಂ" ಎಂದರೆ, ಎದುರಿಗೆ ಕೂರಿಸಿಕೊಂಡು ಮಾತಾಡುತ್ತೇನೆ. ಆಗ ಆಡುವ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಓದಿನ ಲೆಕ್ಕವನ್ನು ಬೇಗ ಮುಗಿಸೋಣ. ವಿಜ್ಞಾನದಲ್ಲಿ ಪಿಯುಸಿ ಮುಗಿಸಿದ ಮೇಲೆ ಎರಡು ವರ್ಷ ಡಿ.ಫಾರ್ಮಾ. ಆಮೇಲೆ ಮೂರು ತಿಂಗಳಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿ. 2022ರಲ್ಲಿ ಬಂದ ನಿಯಮದ ಪ್ರಕಾರ ನೋಂದಣಿಗೆ ಮುಂಚೆ ಎಕ್ಸಿಟ್ ಪರೀಕ್ಷೆ. ಕಡೆಗೆ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಣಿ. ನೋಂದಣಿ ಸಂಖ್ಯೆ ಕೈಗೆ ಬಂದ ದಿನ ನೀವು ಫಾರ್ಮಸಿಸ್ಟ್, ಅದರ ಹಿಂದಿನ ದಿನದವರೆಗೂ ವಿದ್ಯಾರ್ಥಿ.

ಎಡವುವುದು ಇಲ್ಲೇ. 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಹೇಳುವಂತೆ, ವೈದ್ಯರ ಚೀಟಿಗೆ ಔಷಧ ಕೊಡುವ ಹಕ್ಕು ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ. 1945ರ ಔಷಧ ನಿಯಮಗಳ 65ನೇ ನಿಯಮದಲ್ಲಿ, ಚೀಟಿಯ ಔಷಧವನ್ನು ಫಾರ್ಮಸಿಸ್ಟ್ ತಾನೇ ಕೊಡಬೇಕು ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು ಎಂದಿದೆ. ಇದನ್ನು ಕೇಳಿದ ಕೆಲವರು, ಹಾಗಾದರೆ ವಿದ್ಯಾರ್ಥಿ ಅಂಗಡಿಗೆ ಕಾಲಿಡುವಂತೆಯೇ ಇಲ್ಲ ಎಂದುಕೊಳ್ಳುತ್ತಾರೆ. ಇನ್ನು ಕೆಲವರು, ಗೋಡೆ ಮೇಲೆ ಲೈಸೆನ್ಸು ಇದ್ದರೆ ಸಾಕು, ಯಾರು ಬೇಕಾದರೂ ಕೊಡಬಹುದು ಎಂದುಕೊಳ್ಳುತ್ತಾರೆ. ಎರಡೂ ತಪ್ಪು. 'ಖುದ್ದು' ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನೀವು ರ್‍ಯಾಕಿನಿಂದ ತೆಗೆದ ಪೆಟ್ಟಿಗೆ ಗಿರಾಕಿಯ ಕೈಸೇರುವ ಮುನ್ನ ಫಾರ್ಮಸಿಸ್ಟ್ ಕಣ್ಣಿನ ಕೆಳಗೆ ಹಾದು ಹೋಗಬೇಕು. ಗೋಡೆಯ ಮೇಲಿನ ಸರ್ಟಿಫಿಕೇಟು ಯಾವುದನ್ನೂ ನೋಡುವುದಿಲ್ಲ.

ಆದ್ದರಿಂದ ಕೆಲಸ ಹುಡುಕುವಾಗ ಸಂಬಳಕ್ಕಿಂತ ಮೊದಲು ಕೇಳಬೇಕಾದ್ದು ಇದು: "ಸಾರ್, ಇಲ್ಲಿ ಫಾರ್ಮಸಿಸ್ಟ್ ಯಾರು? ಯಾವ ಹೊತ್ತಲ್ಲಿ ಇರ್ತಾರೆ?" 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಂತೆ ಅವರು ಬಿಳಿ ಕೋಟು ಹಾಕಿ, ಹೆಸರು ಮತ್ತು ನೋಂದಣಿ ಸಂಖ್ಯೆಯ ಬ್ಯಾಡ್ಜ್ ಧರಿಸಿರಬೇಕು. ಗೋಡೆಯ ಸರ್ಟಿಫಿಕೇಟಿನಲ್ಲಿ ಹೆಸರಿರುವವರು ಅಂಗಡಿಯಲ್ಲಿದ್ದಾರೆ ಅಂದರೆ ಅಲ್ಲಿ ಕಲಿಯುವುದಕ್ಕೆ ಗುರು ಇದ್ದಾರೆ ಎಂದರ್ಥ. "ಅವ್ರು ಬರಲ್ಲಪ್ಪ, ನೀನೇ ನೋಡ್ಕೊ" ಎಂದರೆ, ಸಂಬಳ ಎಷ್ಟೇ ಇರಲಿ, ಕೈಮುಗಿದು ಹೊರಟುಬಿಡಿ.

ಕೇಳಲು ಹೋಗುವುದಕ್ಕೂ ಒಂದು ಹೊತ್ತಿದೆ. ಬೆಳಿಗ್ಗೆ ಹನ್ನೊಂದಕ್ಕೋ ಸಂಜೆ ಏಳಕ್ಕೋ ಹೋಗಿ ಗಿರಾಕಿಗಳ ಮಧ್ಯೆ ನಿಂತು ಕೇಳಿದರೆ "ಆಮೇಲೆ ಬಾ" ಎಂಬ ಉತ್ತರವೇ ಸಿಗುವುದು. ಮಧ್ಯಾಹ್ನ ಮೂರರ ಸುಮಾರಿಗೆ, ಮಾಲೀಕರು ಬಿಲ್ಲುಗಳನ್ನು ಜೋಡಿಸುತ್ತಾ ಕೂತಿರುವ ಹೊತ್ತಿಗೆ ಹೋಗಿ. ಕಾಲೇಜಿನ ಗುರುತಿನ ಚೀಟಿ, ವ್ಯಾಸಂಗ ಪ್ರಮಾಣಪತ್ರ, ನಿಮ್ಮ ಬಿಡುವಿನ ವೇಳೆ ಯಾವುದೆಂದು ಬರೆದ ಒಂದು ಕಾಗದ ಜೊತೆಗಿರಲಿ. "ಯಾವ ಕೆಲಸ ಆದ್ರೂ ಮಾಡ್ತೀನಿ" ಎನ್ನುವುದಕ್ಕಿಂತ "ಸ್ಟಾಕ್ ಬಂದಾಗ ಬಿಲ್ಲಿಗೆ ತಾಳೆ ನೋಡ್ತೀನಿ, ಎಕ್ಸ್‌ಪೈರಿ ತೆಗೀತೀನಿ" ಎನ್ನಿ. ಆ ಎರಡು ಕೆಲಸಕ್ಕೆ ನಂಬಿಕಸ್ಥರು ಸಿಗದೆ ಮಾಲೀಕರು ಹುಡುಕುತ್ತಲೇ ಇರುತ್ತಾರೆ.

ಮೊದಲ ತಿಂಗಳ ಕೆಲಸವೂ ಬಹುತೇಕ ಅದೇ. ಸ್ಟಾಕಿಸ್ಟ್ ಕಳಿಸಿದ ಪೆಟ್ಟಿಗೆ ಬಿಚ್ಚಿ ಬ್ಯಾಚ್ ನಂಬರು, ಎಕ್ಸ್‌ಪೈರಿ, ಎಂಆರ್‌ಪಿಗಳನ್ನು ಬಿಲ್ಲಿನ ಜೊತೆ ಸಾಲುಸಾಲಾಗಿ ಹೋಲಿಸುವುದು. ಅವಧಿ ಮೊದಲು ಮುಗಿಯುವುದನ್ನು ರ್‍ಯಾಕಿನ ಮುಂದಕ್ಕೆ ಇಡುವುದು. ಇನ್ಸುಲಿನ್ ಇಟ್ಟ ಫ್ರಿಜ್ಜು 2ರಿಂದ 8 ಡಿಗ್ರಿಯೊಳಗೆ ಇದೆಯೇ ಎಂದು ನೋಡುವುದು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ, ಹಾಗಾಗಿ ಫ್ರೀಜರಿನಲ್ಲಿ ಇಡುವಂತಿಲ್ಲ. ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್, ಕ್ಷಯದ ಔಷಧ ಮುಂತಾದ ಎಚ್1 ಪಟ್ಟಿಯ ಮಾಲಿಗೆ 2014ರಿಂದ ಪ್ರತ್ಯೇಕ ರಿಜಿಸ್ಟರು ಬಂದಿದೆ. ವೈದ್ಯರು, ರೋಗಿ, ಔಷಧ, ಪ್ರಮಾಣ ಎಲ್ಲವನ್ನೂ ಬರೆದು ಮೂರು ವರ್ಷ ಇಟ್ಟಿರಬೇಕು. ಫಾರ್ಮಸಿಸ್ಟ್ ಪಕ್ಕದಲ್ಲಿ ಕೂತು ಆ ರಿಜಿಸ್ಟರು ಬರೆಯುವ ಅವಕಾಶ ಸಿಕ್ಕರೆ ಬಿಡಬೇಡಿ. ಒಂದು ವಾರದಲ್ಲಿ ವೈದ್ಯರ ಕೈಬರಹವೂ ಊರಿನ ಕಾಯಿಲೆಗಳೂ ಪರಿಚಯವಾಗುತ್ತವೆ.

ಸ್ಟ್ರಿಪ್ ಕತ್ತರಿಸುವುದನ್ನೇ ನೋಡಿ. ಅಜ್ಜಿಯೊಬ್ಬರು "ನಾಕೇ ನಾಕು ಕೊಡಪ್ಪ" ಎನ್ನುತ್ತಾರೆ. ಹೊಸಬ ಕತ್ತರಿ ತೆಗೆದು ಕೈಗೆ ಬಂದ ತುದಿಯಿಂದ ಕತ್ತರಿಸುತ್ತಾನೆ. ಬ್ಯಾಚ್ ಮತ್ತು ಎಕ್ಸ್‌ಪೈರಿ ಸಾಮಾನ್ಯವಾಗಿ ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಅಚ್ಚಾಗಿರುತ್ತವೆ. ಆ ತುದಿ ಅಜ್ಜಿಯ ಚೀಲಕ್ಕೆ ಹೋದರೆ, ಡಬ್ಬಿಯಲ್ಲಿ ಉಳಿದ ಆರು ಮಾತ್ರೆಗೆ ಊರೂ ಇಲ್ಲ, ಹೆಸರೂ ಇಲ್ಲ. ಆದ್ದರಿಂದ ಅಚ್ಚಿರುವ ತುದಿಯನ್ನು ಅಂಗಡಿಯಲ್ಲಿ ಉಳಿಸಿ, ಇನ್ನೊಂದು ಕಡೆಯಿಂದ ಕತ್ತರಿಸಬೇಕು. ಅಜ್ಜಿಯ ಬಿಲ್ಲಿನಲ್ಲಿ ಬ್ಯಾಚ್ ನಂಬರೂ ಎಕ್ಸ್‌ಪೈರಿಯೂ ಇರಲೇಬೇಕು, ಯಾಕೆಂದರೆ ಅವರ ಕೈಯಲ್ಲಿರುವ ನಾಲ್ಕು ಮಾತ್ರೆಗೆ ಆ ಬಿಲ್ಲೇ ಗುರುತು. ನಾನು ವಿದ್ಯಾರ್ಥಿಯಾಗಿದ್ದಾಗ ಮಾಲೀಕರೊಬ್ಬರು ಹದಿನೈದು ದಿನ ನನ್ನ ಕೈಗೆ ಕತ್ತರಿಯನ್ನೇ ಕೊಟ್ಟಿರಲಿಲ್ಲ. ಅವರಿಗೆ ಇವತ್ತಿಗೂ ಋಣಿ.

ಇನ್ನೊಂದು ತೊಡಕು ಹೆಸರುಗಳದು. ಕಾಲೇಜಿನಲ್ಲಿ ಕಲಿಸುವುದು ಪ್ಯಾಂಟೊಪ್ರಜೋಲ್, ಟೆಲ್ಮಿಸಾರ್ಟಾನ್. ಚೀಟಿಯಲ್ಲಿ ಬರುವುದು ಪ್ಯಾನ್ 40, ಟೆಲ್ಮಾ 40. ಮೊದಲ ವಾರ ಎಲ್ಲ ವಿದ್ಯಾರ್ಥಿಗಳೂ ಕಂಗಾಲಾಗುತ್ತಾರೆ. ಅದು ಸಹಜ, ಬ್ರ್ಯಾಂಡುಗಳು ಅಭ್ಯಾಸದಿಂದ ಬರುತ್ತವೆ. ನಿಜವಾದ ಅಪಾಯ ಹೆಸರಿನ ಬಾಲದಲ್ಲಿದೆ. ಟೆಲ್ಮಾ ಅಂದರೆ ಬಿಪಿಯ ಒಂದೇ ಔಷಧ. ಟೆಲ್ಮಾ ಎಚ್ ಅಂದರೆ ಅದರ ಜೊತೆ ಮೂತ್ರ ಹೆಚ್ಚಿಸುವ ಔಷಧ. ಟೆಲ್ಮಾ ಎಎಂ ಅಂದರೆ ಜೊತೆಗೆ ಅಮ್ಲೊಡಿಪಿನ್. ಒಂದಕ್ಷರ ನುಂಗಿದರೆ ಬೇರೆ ಔಷಧವನ್ನೇ ಕೊಟ್ಟಂತೆ. ಹಾಗಾಗಿ ಹೆಸರು, ಬಾಲ, ಮಿಲಿಗ್ರಾಂ ಮೂರನ್ನೂ ಬಾಯಿಬಿಟ್ಟು ಓದುವ ಅಭ್ಯಾಸ ಮಾಡಿಕೊಳ್ಳಿ.

ನಾನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುವ ಉದಾಹರಣೆ ಮಕ್ಕಳ ಪ್ಯಾರಾಸಿಟಮಾಲ್. "ಡ್ರಾಪ್ಸ್ ಅಂದ್ರೆ ಪುಟ್ಟ ಮಗೂಗೆ, ಅದಕ್ಕೇ ಅದು ಮೈಲ್ಡು" ಎಂದು ಬಹಳ ಜನ ನಂಬಿದ್ದಾರೆ, ಓದಿದವರೂ ನಂಬಿದ್ದಾರೆ. ಸತ್ಯ ಇದಕ್ಕೆ ತಿರುಗುಮುರುಗು. ಎಳೆಗೂಸು ಹೆಚ್ಚು ದ್ರವ ನುಂಗಲಾರದು, ಕುಡಿಸಿದರೆ ಉಗುಳುತ್ತದೆ. ಆದ್ದರಿಂದ ಕಡಿಮೆ ದ್ರವದಲ್ಲಿ ಹೆಚ್ಚು ಔಷಧ ಇರುವಂತೆ ಡ್ರಾಪ್ಸ್ ಮಾಡಿರುತ್ತಾರೆ. ಸಾಮಾನ್ಯವಾಗಿ ಸಿಗುವ ಸಿರಪ್ಪಿನಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ, ಅಂದರೆ 1 ಎಂಎಲ್‌ಗೆ 25. ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೆ 100. ನಾಲ್ಕು ಪಟ್ಟು! ಐದು ಕೆಜಿ ತೂಕದ ಮಗುವಿಗೆ ಒಂದು ಸಲಕ್ಕೆ 75 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಸಿರಪ್ಪಾದರೆ 3 ಎಂಎಲ್, ಡ್ರಾಪ್ಸ್ ಆದರೆ ಮುಕ್ಕಾಲು ಎಂಎಲ್. ಸಿರಪ್ಪಿನ ಅಳತೆ ಹೇಳಿ ಡ್ರಾಪ್ಸ್ ಕೊಟ್ಟರೆ ಮಗುವಿನ ಹೊಟ್ಟೆಗೆ 300 ಮಿಲಿಗ್ರಾಂ ಹೋಗುತ್ತದೆ. ಜ್ವರ ಬಿಟ್ಟಿಲ್ಲವೆಂದು ದಿನಕ್ಕೆ ನಾಲ್ಕು ಸಲ ಹೀಗೇ ಆದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಸಾಲದ್ದಕ್ಕೆ 5 ಎಂಎಲ್‌ಗೆ 250 ಮಿಲಿಗ್ರಾಂ ಇರುವ ಸಿರಪ್ಪೂ ಅದೇ ಸಾಲಿನಲ್ಲಿ ನಿಂತಿರುತ್ತದೆ. ಬಾಟಲಿ ಅದೇ ಆಕಾರ, ಬಣ್ಣವೂ ಹತ್ತಿರಹತ್ತಿರ. ಈ ಮೂರನ್ನು ಬೇರೆಬೇರೆ ಖಾನೆಗೆ ಎತ್ತಿಟ್ಟ ವಿದ್ಯಾರ್ಥಿ ಅವತ್ತಿನ ಸಂಬಳಕ್ಕಿಂತ ದೊಡ್ಡ ಕೆಲಸ ಮಾಡಿದ ಹಾಗೆ. ಸಂದರ್ಶನದಲ್ಲಿ ಈ ಲೆಕ್ಕವನ್ನು ತಡವರಿಸದೆ ಹೇಳಿದ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಆಸ್ಪತ್ರೆಯ ಫಾರ್ಮಸಿಯವರು ಮರುದಿನವೇ ಬರಹೇಳಿದರು. ಆ ದಿನದ ನನ್ನ ಸಂತೋಷ ಹೇಳತೀರದು.

ಸಂಜೆ ಕೆಲಸದ ಗಂಟೆಗಳು 500 ಗಂಟೆಯ ತರಬೇತಿಗೆ ತಾವಾಗಿಯೇ ಜಮಾ ಆಗುವುದಿಲ್ಲ. ಆ ತರಬೇತಿ ಓದಿನ ಕೊನೆಯ ಹಂತದ್ದು, ಕಾಲೇಜಿನ ಮೂಲಕ, ಮಾನ್ಯತೆಯಿರುವ ಕಡೆಯೇ ಆಗಬೇಕು. ಆದರೆ ಎರಡು ವರ್ಷ ಒಳ್ಳೆಯ ಫಾರ್ಮಸಿಸ್ಟ್ ಪಕ್ಕ ನಿಂತವರಿಗೆ ಆ 500 ಗಂಟೆ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗುತ್ತದೆ. ನೋಂದಣಿಯಾದ ಮೇಲೆ ಇನ್ನೊಂದು ಆಸೆ ಬಾಗಿಲಿಗೆ ಬರುತ್ತದೆ: "ಸರ್ಟಿಫಿಕೇಟ್ ಕೊಡು, ಮನೇಲಿ ಕೂತಿರು, ತಿಂಗಳಿಗೆ ಇಷ್ಟು ಕಳಿಸ್ತೀವಿ." ಒಪ್ಪಬೇಡಿ. ಆ ಅಂಗಡಿಯಲ್ಲಿ ನಡೆಯುವ ತಪ್ಪುಗಳಿಗೆ ನಿಮ್ಮ ಹೆಸರೇ ಉತ್ತರ ಹೇಳಬೇಕಾಗುತ್ತದೆ, ಪರಿಷತ್ತಿನ ಪಟ್ಟಿಯಿಂದ ಹೆಸರು ತೆಗೆದುಹಾಕಲು ಕಾಯ್ದೆಯಲ್ಲಿ ಅವಕಾಶವೂ ಇದೆ.

ಕೊನೆಗೊಂದು ಕೋರಿಕೆ. ಔಷಧದ ಪೆಟ್ಟಿಗೆಯೊಳಗೆ ಮಡಿಸಿಟ್ಟ ತೆಳ್ಳನೆ ಹಾಳೆ ಇರುತ್ತದೆ. ಅಂಗಡಿಗಳಲ್ಲಿ ಗುಡಿಸಿ ಹೊರಹಾಕುವ ಕಸದಲ್ಲಿ ಅದು ಎಷ್ಟೋ ಸಲ ಸೇರಿರುತ್ತದೆ. ಮಾಲೀಕರನ್ನು ಕೇಳಿ ದಿನಕ್ಕೊಂದನ್ನು ಮನೆಗೆ ತನ್ನಿ. ಊಟವಾದ ಮೇಲೆ ಪಠ್ಯಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಅರ್ಥವಾಗದ ಪದಕ್ಕೆ ಗೆರೆ ಎಳೆಯುತ್ತಾ ಪೂರ್ತಿ ಓದಿ. ಮರುದಿನ ಆ ಗೆರೆಗಳನ್ನು ನಿಮ್ಮ ಫಾರ್ಮಸಿಸ್ಟ್‌ಗೆ ತೋರಿಸಿ ಕೇಳಿ.